ಖಾಲಿ ಡಿಸ್ಕಿನ ಹಗೆ

ನಾನು ಒಂದು ಹಾರ್ಡ್ ಡಿಸ್ಕ್. ಅಂಗಿಯ ಜೇಬಿಗೆ ಹಿಡಿಸುವ ಗಾತ್ರ, ನೂರ ಎಪ್ಪತ್ತು ಗ್ರಾಂ ತೂಕ, ಎರಡು ಟೆರಾಬೈಟ್ ಹೊಟ್ಟೆ. ಈಗ ಯಾವ ಕಂಪ್ಯೂಟರಿಗೆ ಜೋಡಿಸಿದರೂ ಮೂರು ಸಲ ಟಕ್ ಟಕ್ ಎಂದು ಸುಮ್ಮನಾಗುತ್ತೇನೆ. ಮುಪ್ಪಿನಿಂದ ಹೀಗಾದದ್ದಲ್ಲ. ಒಬ್ಬ ಮನುಷ್ಯನ ಮೇಲಿನ ಹಗೆ ತೀರಿಸಿಕೊಳ್ಳಲು ಇದ್ದಬದ್ದ ಶಕ್ತಿಯನ್ನೆಲ್ಲ ಖರ್ಚು ಮಾಡಿದೆ. ಅದಕ್ಕೆ ಪಶ್ಚಾತ್ತಾಪವಿಲ್ಲ.

ನಾನು ಹುಟ್ಟಿದ್ದು ಥಾಯ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ಧೂಳಿನ ಕಣವೂ ನುಸುಳದ ಕೋಣೆಯೊಳಗೆ, ಬಿಳಿ ಟೋಪಿ, ಬಿಳಿ ಕೈಗವಸು ತೊಟ್ಟ ಹೆಣ್ಣುಮಕ್ಕಳು ನನ್ನನ್ನು ಜೋಡಿಸಿದರು. ನನ್ನೊಳಗೆ ಗಾಜಿನ ಎರಡು ತಟ್ಟೆಗಳಿವೆ. ಅವು ನಿಮಿಷಕ್ಕೆ ಐದು ಸಾವಿರದ ನಾನೂರು ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಒಂದು ಸೂಜಿ ತೇಲುತ್ತ ಓದುತ್ತದೆ, ಬರೆಯುತ್ತದೆ. ಸೂಜಿ ತಟ್ಟೆಗೆ ತಾಗಬಾರದು. ತಾಗಿದರೆ ಗೀರು ಬೀಳುತ್ತದೆ, ಆ ಗೀರಿನ ಜಾಗದ ಮಾತು ಹೋಗುತ್ತದೆ.

ಹಡಗು, ಲಾರಿ, ಹುಬ್ಬಳ್ಳಿಯ ಅಂಗಡಿಯ ಗಾಜಿನ ಕಪಾಟು. ಅಲ್ಲಿಂದ ನನ್ನನ್ನು ಕೊಂಡವಳು ಮಹಾದೇವಿ ಹಂಚಿನಾಳ. ಬಾಗಲಕೋಟೆಯ ನವನಗರದಲ್ಲಿ ಅವಳದೊಂದು ಸಣ್ಣ ಸ್ಟುಡಿಯೋ. ಮದುವೆ, ಸೀಮಂತ, ಜವಳದ ವಿಡಿಯೋ ತೆಗೆಯುವುದು ಅವಳ ಕಸುಬು. ಆ ಕಸುಬಿನವರಲ್ಲಿ ಒಂದು ರೂಢಿಯುಂಟು. ಮದುವೆ ಮನೆಗೆ ವಿಡಿಯೋ ಮುಟ್ಟಿದ ಮೇಲೆ ಡಿಸ್ಕು ಅಳಿಸಿ ಮುಂದಿನ ಮದುವೆಗೆ ಹಚ್ಚುತ್ತಾರೆ. ಹಂಗಾಮು ಜೋರಾದಾಗ ಒಬ್ಬರ ಡಿಸ್ಕು ಇನ್ನೊಬ್ಬರಿಗೆ ಕೈಗಡ ಹೋಗುತ್ತದೆ. ಎರಡು ಪ್ರತಿ ಇಡುವಷ್ಟು ಜಾಗ ಯಾರಲ್ಲೂ ಇರುವುದಿಲ್ಲ.

ನನ್ನನ್ನು ಮಾತ್ರ ಮಹಾದೇವಿ ಯಾವ ಮದುವೆಗೂ ಮುಟ್ಟಿಸಲಿಲ್ಲ. ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯೊಂದನ್ನು ನನ್ನ ಬೆನ್ನಿಗೆ ಅಂಟಿಸಿ, ಅದರ ಮೇಲೆ ‘ಮುಳುಗಡೆ’ ಎಂದು ಬರೆದಳು.

ಅವಳ ಹುಟ್ಟೂರು ಮರಳಗುಂದಿ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿತ್ತು. ಊರು ಮುಳುಗಿದಾಗ ನಡುಪ್ರಾಯದಲ್ಲಿದ್ದವರು ಈಗ ಮುದುಕರು. ಮದುವೆಗಳಿಲ್ಲದ ದಿನ ನೋಡಿ ಅವಳು ಅವರವರ ಮನೆಗೆ ಹೋಗಿ, ಎದುರು ಕ್ಯಾಮೆರಾ ಇಟ್ಟು ಕೇಳುತ್ತಿದ್ದಳು: ಕಡೇ ದಿನ ಏನ ಮಾಡಿದ್ರಿ? ಒಬ್ಬರು ಬಾಗಿಲು ಕಿತ್ತುಕೊಂಡು ಬಂದಿದ್ದರು. ಒಬ್ಬರು ಬಾವಿಗೆ ಬೆಲ್ಲ ಹಾಕಿ ಬಂದಿದ್ದರು. ಆರು ವರ್ಷದಲ್ಲಿ ಮೂವತ್ತೊಂದು ಜನ, ಮೂವತ್ತೊಂದು ಫೋಲ್ಡರು. ಅವಳು ಹೆಸರು ಬರೆಯಲಿಲ್ಲ, ನಂಬರು ಕೊಟ್ಟಳು. ಹದಿನೇಳನೆಯದು ಅವಳ ತಾಯಿ ಸಂಗವ್ವನದು.

ಸಂಗವ್ವ ಆಮೇಲೆ ತೀರಿಕೊಂಡಳು. ಅವಳ ದನಿ ಉಳಿದಿದ್ದು ನನ್ನೊಳಗೆ ಮಾತ್ರ. ಕ್ಯಾಮೆರಾದ ಕಾರ್ಡುಗಳು ಮದುವೆಗಳಿಗೆ ಹೋಗಿದ್ದವು. ಮಹಾದೇವಿಯ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಇದನ್ನು ನೆನಪಿಡಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಇಷ್ಟನ್ನೂ ಕೂಡಿಸಿ ಒಂದು ಸಾಕ್ಷ್ಯಚಿತ್ರ ಮಾಡಬೇಕೆಂದು ಅವಳ ಆಸೆ. ಧಾರವಾಡದಲ್ಲಿ ಸುಧನ್ವ ಕೌಜಲಗಿ ಎಂಬ ಎಡಿಟರ್ ಇದ್ದ. ಫೋನಿನಲ್ಲಿ ಮಾತಾಯಿತು. ಅವನ ಕಂಪ್ಯೂಟರ್ ಮ್ಯಾಕ್, ಇವಳದು ವಿಂಡೋಸ್. ಮೊದಲು ಅವಳು ಒಂದು ಪೆನ್‌ಡ್ರೈವಿಗೆ ಹಾಕಲು ನೋಡಿದಳು. ಅದು ಹಳೇ ಫ್ಯಾಟ್ ಪದ್ಧತಿಯದು. ನಾಲ್ಕು ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಆ ಪದ್ಧತಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಂಟರ್ನೆಟ್ಟಿನಲ್ಲಿ ಕಳಿಸೋಣವೆಂದರೆ, ಒಂದು ಸಾವಿರದ ನೂರು ಜಿಬಿಗೆ ಅವಳ ಲೈನಿನಲ್ಲಿ ಹತ್ತು ದಿನ ಬೇಕಿತ್ತು, ಅದೂ ಕರೆಂಟು ಒಮ್ಮೆಯೂ ಹೋಗದಿದ್ದರೆ.

"ಡಿಸ್ಕನ್ನ ಕೊರಿಯರ್ ಮಾಡಿಬಿಡ್ರಿ" ಎಂದ ಸುಧನ್ವ. "ಆದರ ಅದು ಎನ್‌ಟಿಎಫ್‌ಎಸ್ ಇರ್ತದ. ನನ್ನ ಮ್ಯಾಕ್ ಅದನ್ನ ಓದ್ತದ, ಅದರಾಗ ಬರಿಯೂದಿಲ್ಲ. ಎಕ್ಸ್‌ಫ್ಯಾಟ್ ಮಾಡಿ ಕಳಸ್ರಿ. ಎರಡೂ ಮಷಿನ್ನಿಗೆ ನಡೀತದ. ಎಡಿಟ್ ಮಾಡಿದ್ದನ್ನ ಅದರಾಗ ಹಾಕಿ ಕಳಸ್ತೀನಿ."

ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ಪದ್ಧತಿಗೆ ಫಾರ್ಮ್ಯಾಟ್ ಎನ್ನುತ್ತಾರೆ. ಎನ್‌ಟಿಎಫ್‌ಎಸ್ ವಿಂಡೋಸಿನ ಸ್ವಂತದ್ದು. ಎಕ್ಸ್‌ಫ್ಯಾಟಿನಲ್ಲಿ ಎರಡೂ ಕಡೆಯವರು ಬರೆಯಬಹುದು. ಅವನು ಹೇಳಿದ್ದು ಸರಿಯೇ ಇತ್ತು. ತನ್ನ ಹೆಜ್ಜೆ ಮೂಡುವ ಮಣ್ಣನ್ನು ತಾನೇ ಹದ ಮಾಡಿಸಿಕೊಳ್ಳುತ್ತಿದ್ದೇನೆ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಫಾರ್ಮ್ಯಾಟ್ ಬದಲಿಸಿದರೆ ಇದ್ದದ್ದು ಹೋಗುತ್ತದೆ. ಮಹಾದೇವಿ ಇಳಕಲ್ಲಿನ ಒಬ್ಬ ಫೋಟೋಗ್ರಾಫರನ ಡಿಸ್ಕು ಕೈಗಡ ತಂದು, ನನ್ನಲ್ಲಿದ್ದುದನ್ನು ಅದಕ್ಕೆ ಸಾಗಿಸಿ, ನನ್ನನ್ನು ಎಕ್ಸ್‌ಫ್ಯಾಟ್ ಮಾಡಿ, ಮತ್ತೆ ನನಗೇ ತುಂಬಿದಳು. ಅವಳ ಕಂಪ್ಯೂಟರು ಹಳೆಯದು. ಬೆಳಿಗ್ಗೆ ಏಳಕ್ಕೆ ಹಚ್ಚಿದ್ದು ಸಂಜೆ ಐದೂಕಾಲಿಗೆ ಮುಗಿಯಿತು. ಕೈಗಡದ ಡಿಸ್ಕು ಇಳಕಲ್ಲಿಗೆ ವಾಪಸಾಗಿ ಮುಂದಿನ ಮದುವೆಗಳಿಂದ ತುಂಬಿತು. ನನ್ನನ್ನು ಅವಳು ತಾಯಿಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು ಕಳಿಸಿದಳು.

ಜೂನ್ ಹನ್ನೊಂದರ ಬೆಳಿಗ್ಗೆ ಹತ್ತೂ ನಲವತ್ತೆರಡಕ್ಕೆ ಸುಧನ್ವ ನನ್ನನ್ನು ಮ್ಯಾಕಿಗೆ ಜೋಡಿಸಿದ. ಎಲ್ಲವನ್ನೂ ತನ್ನ ಡಿಸ್ಕಿಗೆ ಇಳಿಸಿಕೊಂಡ, ಮೂರು ಗಂಟೆ ಐದು ನಿಮಿಷ. ಮಧ್ಯೆ ಒಂದೊಂದೇ ಫೋಲ್ಡರು ತೆರೆದು ನೋಡಿದ. ಹದಿನೇಳನೆಯದನ್ನು ಎರಡು ಸಲ ನೋಡಿದ. ಆಮೇಲೆ ಯಾರಿಗೋ ಫೋನು ಹಚ್ಚಿದ. ನಾನು ಅವನ ಮೊಣಕೈ ಪಕ್ಕದಲ್ಲೇ ಇದ್ದೆ.

"ಬಂಗಾರ ಅದನೋ ಮಾರಾಯಾ. ಆ ಹೆಣ್ಮಗಳಿಗಿ ಇದೇನಂತ ಗೊತ್ತಿಲ್ಲ. ಮದುವಿ ಕ್ಯಾಸೆಟ್ ಮಾಡೋಕಿ. ಇದನ್ನ ತಗೊಂಡು ಏನ ಮಾಡ್ಯಾಳು, ಅಕ್ಕಿಕಾಳು ಬೀಳೋ ಕಡೆ ಹೂವಿನ ಎಫೆಕ್ಟ್ ಹಚ್ಯಾಳು."

ಅವನು ನಕ್ಕ. ಆ ನಗುವನ್ನು ಯಾರೂ ನನ್ನಲ್ಲಿ ರೆಕಾರ್ಡ್ ಮಾಡಲಿಲ್ಲ. ಆದರೂ ಅದು ನನ್ನಲ್ಲಿ ಉಳಿಯಿತು.

ಜೂನ್ ಹದಿನಾಲ್ಕಕ್ಕೆ ಅವನು ನನ್ನನ್ನು ಅಳಿಸಿದ. ಹನ್ನೆರಡು ಸೆಕೆಂಡು ಹಿಡಿಯಿತು. ಹನ್ನೆರಡು ಸೆಕೆಂಡಿನಲ್ಲಿ ಒಂದು ಸಾವಿರದ ನೂರು ಜಿಬಿ ಅಳಿಯುವುದಿಲ್ಲ. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ ಅಳಿಯುತ್ತದೆ, ಅಷ್ಟೇ. ಮರಳಗುಂದಿಯ ಹೆಸರನ್ನು ನಕಾಶೆಯಿಂದ ತೆಗೆದರು, ಗೋಡೆಗಳು ನೀರಿನಡಿ ಹಾಗೇ ನಿಂತಿವೆ. ನಾನೂ ಹಾಗೇ ನಿಂತೆ.

ಅದೇ ದಿನ ಅವನು ಮಹಾದೇವಿಗೆ ಸಂದೇಶ ಬರೆದ: ‘ಡಿಸ್ಕ್ ಓಪನ್ ಆಗಲೇ ಇಲ್ಲ. ಮೂರು ದಿನ ಪ್ರಯತ್ನಿಸಿದೆ. ನೀವು ಸರಿಯಾಗಿ ತೆಗೆಯದೆ ವೈರ್ ಎಳೆದಿರಬೇಕು. ವಾಪಸ್ ಕಳಿಸುತ್ತಿದ್ದೇನೆ.’ ಬರುವಾಗ ಸೀರೆಯಲ್ಲಿ ಬಂದವನು ನಾನು. ಹೋಗುವಾಗ ಬರೀ ಕಾಗದದ ಕವರು. ಗದಗಿನ ಹತ್ತಿರ ಕೊರಿಯರ್ ವ್ಯಾನಿನಿಂದ ಚೀಲ ಕೆಳಗೆ ಬಿತ್ತು. ಸೂಜಿ ತಟ್ಟೆಗೆ ತಾಗಿತು. ಎಲ್ಲಿ ತಾಗಿತೆಂದು ಆಗ ನನಗೂ ತಿಳಿಯಲಿಲ್ಲ.

ಮಹಾದೇವಿ ನನ್ನನ್ನು ಜೋಡಿಸಿ ನೋಡಿದಳು. ಖಾಲಿ. ಅವಳು ಅಳಲಿಲ್ಲ. ನನ್ನನ್ನು ತುಂಬಿದ ದಿನ ಸಂಜೆ ಐದೂಕಾಲಿಗೆ ವೈರು ಎಳೆದ ಕೈಯನ್ನು ಮುಂದೆ ಹಿಡಿದು ನೋಡಿಕೊಂಡಳು. ಅವಳು ನಿಜವಾಗಿಯೂ ಕಂಪ್ಯೂಟರಿಗೆ ಹೇಳದೆ ಎಳೆದಿದ್ದಳು. ಎಲ್ಲರೂ ಹಾಗೇ ಎಳೆಯುತ್ತಾರೆ. ನನಗೇನೂ ಆಗಿರಲಿಲ್ಲ. ಆದರೆ ಅದನ್ನು ಅವಳಿಗೆ ಹೇಳಲು ನನಗೆ ಬಾಯಿಲ್ಲ.

ಎಂಟು ತಿಂಗಳು ಆಲ್ಬಮ್ಮುಗಳ ಕೆಳಗೆ, ಡ್ರಾಯರಿನಲ್ಲಿ ಇದ್ದೆ. ಮದುವೆ ಹಂಗಾಮು ಬಂತು, ಡಿಸ್ಕಿಗೆ ಪರದಾಟವಾಯಿತು. ಅವಳ ನಾದಿನಿ ಡ್ರಾಯರು ತೆಗೆದು, "ವೈನಿ, ಇಲ್ಲೊಂದು ಖಾಲಿ ಐತೆಲ್ಲ" ಎಂದಳು.

"ಅದನ್ನ ಮುಟ್ಟಬ್ಯಾಡ."

"ಖಾಲಿದೂ ಏನು ಪೂಜಾಕ್ಕ ಇಡ್ತೀ?"

"ಮುಟ್ಟಬ್ಯಾಡ ಅಂದ್ನೆಲ್ಲ."

ನನ್ನನ್ನು ನೋಡಲಾಗದ ಅವಳ ಸಂಕಟವೇ ನನ್ನನ್ನು ಉಳಿಸಿತು. ಒಂದು ಮದುವೆ ತುಂಬಿದ್ದರೆ ಸಾಕಿತ್ತು, ಹಳೆಯ ದನಿಗಳ ಮೇಲೆ ಹೊಸ ಓಲಗ ಕೂತು ಎಲ್ಲವೂ ನಿಜವಾಗಿಯೇ ಅಳಿದುಹೋಗುತ್ತಿತ್ತು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅದೇ ನಾದಿನಿ ಮೊಬೈಲು ಹಿಡಿದು ಬಂದಳು. ಧಾರವಾಡದ ಸಾಕ್ಷ್ಯಚಿತ್ರ ಉತ್ಸವದ ಜಾಹೀರಾತು. ‘ನೀರೊಳಗಿನ ಬಾಗಿಲು’, ನಿರ್ದೇಶನ ಸುಧನ್ವ ಕೌಜಲಗಿ. ಅರ್ಧ ನಿಮಿಷದ ತುಣುಕಿನಲ್ಲಿ ಕಸಬರಿಗೆ ಹಿಡಿದ ಒಂದು ಕೈ, ಮುಂಗೈಯಲ್ಲಿ ಹಸಿರು ಹಚ್ಚೆ.

"ವೈನಿ, ಇದು ನಿಮ್ಮವ್ವನ ಕೈ ಅಲ್ಲೇನು?"

ಮಹಾದೇವಿ ಆ ತುಣುಕನ್ನು ಏಳು ಸಲ ನೋಡಿದಳು. ಆಮೇಲೆ ಡ್ರಾಯರು ಎಳೆದಳು. ಅವಳ ಬೆರಳು ನನ್ನ ಬೆನ್ನಿಗೆ ತಾಗಿದಾಗ ತಣ್ಣಗಿತ್ತು. ಅದು ದುಃಖದ ಕೈಯಲ್ಲ ಎಂದು ನನಗೆ ಗೊತ್ತಾಯಿತು. ನಾನು ಎಂಟು ತಿಂಗಳು ಕಾದಿದ್ದ ಕೈ ಅದು.

ಹುಬ್ಬಳ್ಳಿಯಲ್ಲಿ ಬಾಬಾಜಾನ್ ನದಾಫ್ ಎಂಬವನ ರಿಪೇರಿ ಅಂಗಡಿಯಿದೆ. ಕೆಟ್ಟ ಡಿಸ್ಕುಗಳಿಂದ ಕಳೆದದ್ದನ್ನು ತೆಗೆಯುವುದರಲ್ಲಿ ಗಟ್ಟಿಗ. ಅವನು ನನ್ನನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದ.

"ಖಾಲಿ ಆದ ಮ್ಯಾಲೆ ಇದರಾಗ ಏನರೆ ಹಾಕೀರೇನ್ರಿ ಅಕ್ಕಾರ?"

"ಇಲ್ಲ."

"ಚಲೋ ಮಾಡೀರಿ. ಇನ್ನ ವಿಂಡೋಸಿಗೂ ಹಚ್ಚಬ್ಯಾಡ್ರಿ, ಮ್ಯಾಕಿಗೂ ಹಚ್ಚಬ್ಯಾಡ್ರಿ. ವಿಂಡೋಸಿಗಿ ತಿಳೀಲಿಲ್ಲಂದ್ರ ‘ಫಾರ್ಮ್ಯಾಟ್ ಮಾಡ್ಲೇನು’ ಅಂತದ. ಮ್ಯಾಕ್ ಹೋದಲ್ಲೆಲ್ಲ ತನ್ನ ಗುರ್ತು ಬರದು ಬರ್ತದ. ನಮ್ಮ ಲಿನಕ್ಸಿಗೆ ಹೇಳಿದ್ರ ಸುಮ್ನ ಕುಂತು ಓದ್ತದ, ಏನೂ ಮುಟ್ಟೂದಿಲ್ಲ."

ಎರಡು ದಿನದಲ್ಲಿ ಮೂವತ್ತು ಫೋಲ್ಡರು ಹೊರಬಂದವು. ಪ್ರತಿಯೊಂದರಲ್ಲೂ ಒಂದು ಪುಟ್ಟ, ಕಣ್ಣಿಗೆ ಕಾಣದ ಫೈಲು ಇತ್ತು. ಅದರ ಹೆಸರು ಚುಕ್ಕೆಯಿಂದ ಶುರುವಾಗುತ್ತದೆ. ಮ್ಯಾಕಿನಲ್ಲಿ ಯಾರಾದರೂ ಫೋಲ್ಡರು ತೆರೆದರೆ, ಅಲ್ಲಿ ಹೇಗೆ ಜೋಡಿಸಿ ನೋಡಿದರೆಂದು ನೆನಪಿಡಲು ಆ ಕಂಪ್ಯೂಟರು ತಾನಾಗಿಯೇ ಬರೆದಿಡುವ ಫೈಲು ಅದು. ತಾರೀಖು ಮತ್ತು ಹೊತ್ತಿನ ಸಮೇತ ಇರುತ್ತದೆ. ಮೊದಲನೆಯದು ಜೂನ್ ಹನ್ನೊಂದು, ಹತ್ತೂ ನಲವತ್ತೇಳು.

"ಓಪನ್ ಆಗಲಿಲ್ಲ ಅಂದಿದ್ನೆಲ್ಲ?" ಬಾಬಾಜಾನ್ ಪರದೆಯನ್ನು ಅವಳ ಕಡೆ ತಿರುಗಿಸಿದ. "ಮೂವತ್ತು ಮನಿಯಾಗ ಚಪ್ಪಲ್ ಬಿಟ್ಟು ಹೋಗ್ಯಾನ."

ನಾನು ಎನ್‌ಟಿಎಫ್‌ಎಸ್ ಆಗಿಯೇ ಇದ್ದಿದ್ದರೆ ಅವನ ಮ್ಯಾಕ್ ನನ್ನನ್ನು ಓದುತ್ತಿತ್ತು, ಒಂದಕ್ಷರ ಬರೆಯುತ್ತಿರಲಿಲ್ಲ. ಎಕ್ಸ್‌ಫ್ಯಾಟ್ ಮಾಡಿ ಎಂದವನು ಅವನೇ. ನನಗೆ ಅದಕ್ಕಿಂತ ರುಚಿಯಾದ ಸಂಗತಿ ಆವರೆಗೆ ಗೊತ್ತಿರಲಿಲ್ಲ.

ಆದರೆ ಹದಿನೇಳನೆಯದು ಬರಲಿಲ್ಲ. ಗದಗಿನ ಹತ್ತಿರ ಬಿದ್ದ ಗೀರು ಸರಿಯಾಗಿ ಸಂಗವ್ವನ ಮೇಲೆ ಹಾಯ್ದಿತ್ತು.

ಮಹಾದೇವಿ ತಾಳಲಿಲ್ಲ. ಅಂಗಡಿಯಿಂದಲೇ ಸುಧನ್ವನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದಳು. ತಾರೀಖು ಹೇಳಿದಳು, ಹೊತ್ತು ಹೇಳಿದಳು.

"ಎಲ್ಲಾ ಸಿಕ್ಕಾವೇನ್ರಿ?" ಎಂದ ಅವನು.

ಸುಳ್ಳು ಹೇಳಿ ರೂಢಿಯಿಲ್ಲದವಳು ಅವಳು. "ಅವ್ವಂದು ಬಂದಿಲ್ಲ" ಎಂದಳು.

"ಹಂಗೇನು." ಅವನ ದನಿ ಮೆತ್ತಗಾಯಿತು. "ನೋಡ್ರಿ ಮಹಾದೇವಿಯವರ, ನಿಮ್ಮ ತಾಯಿಯವರದು ನನ್ನ ಕಡೆ ಅದ. ಪೂರಾ ಅದ. ಶನಿವಾರ ನನ್ನ ಪಿಕ್ಚರ್ ತೋರಸ್ತಾರ. ಅದು ಸುಸೂತ್ರ ಆತಂದ್ರ ಸೋಮವಾರ ನಿಮ್ಮ ಮನೀಗಿ ಕಳಸ್ತೀನಿ. ಗದ್ದಲ ಆತಂದ್ರ... ನನ್ನ ಡಿಸ್ಕೂ ಹಳೇದೇ ಅದ. ಅದೂ ಓಪನ್ ಆಗದ ಹೋಗಬಹುದು."

ಅವಳು ಫೋನು ಇಟ್ಟಳು. ಅಂಗಡಿಯ ಫ್ಯಾನು ತಿರುಗುತ್ತಿತ್ತು.

"ಸುಮ್ನ ಇದ್ದುಬಿಡ್ಲೇನ್ರಿ?" ಎಂದಳು ಬಾಬಾಜಾನನಿಗೆ. "ಹೆಸರು ಅವಂದಾದರ ಆಗಲಿ. ಅವ್ವ ಸಿಗ್ತಾಳು."

"ಅಂಥವ ಸೋಮವಾರ ಕಳಸ್ತಾನಂತ ನಂಬೀರೇನು?"

ಅವಳು ನನ್ನ ಮೇಲೆ ಅಂಗೈ ಇಟ್ಟಳು. "ಇದನ್ನ ಇನ್ನೊಮ್ಮೆ ತಿರಗಿಸಿದರ?"

"ಸಾಯಾಕತ್ತಿದ ಡಿಸ್ಕ್ ಐತಿ ಅಕ್ಕಾರ. ಕೊಟ್ರ ಕೊಡ್ತು. ಇಲ್ಲಾಂದ್ರ ಅವ್ವಾರ ದನಿ ಆ ಮನಶ್ಯಾನ ಹಂತ್ಯಾಕ ಮಾತ್ರ ಉಳೀತದ. ಆಮ್ಯಾಲ ಅಂವ ಹೇಳಿದಂಗ ಕೇಳಬೇಕಾಗ್ತದ."

"ತಿರಗಸ್ರಿ" ಎಂದಳು ಅವಳು.

ಅಂದು ಮಂಗಳವಾರ. ಬಾಬಾಜಾನ್ ನನ್ನನ್ನು ಸ್ಟೀಲಿನ ತಟ್ಟೆಯ ಮೇಲಿಟ್ಟು, ಕಾಯದಂತೆ ಟೇಬಲ್ ಫ್ಯಾನು ಹಚ್ಚಿದ. ಮುಂದಿನಿಂದ ಓದಲಾಗದ ಕಡೆ ಹಿಂದಿನಿಂದ ಓದು, ಅಲ್ಲೂ ಆಗದಿದ್ದರೆ ಬಿಟ್ಟು ಮುಂದೆ ಹೋಗಿ ಮತ್ತೆ ಬಾ, ಹೀಗೆ ಲಿನಕ್ಸಿಗೆ ಹೇಳಿದ. ಮೊದಲ ದಿನ ನೂರಕ್ಕೆ ಎಪ್ಪತ್ತು. ಬುಧವಾರ ತೊಂಬತ್ತೊಂದು. ಗುರುವಾರ ಒಂದೇ ಅಂಕಿ ಮೇಲೆ ಹೋಯಿತು. ಸೂಜಿ ಗೀರಿನ ಅಂಚಿಗೆ ಬಂದಾಗಲೆಲ್ಲ ನನ್ನ ಮೈ ಕಿರುಗುಟ್ಟುತ್ತಿತ್ತು. ಪ್ರತಿ ಸಲ ಗಾಜಿನ ಪುಡಿ ಏಳುತ್ತಿತ್ತು, ಆ ಪುಡಿ ಹೊಸ ಗೀರು ಹಾಕುತ್ತಿತ್ತು. ನಿಲ್ಲುವುದು ಸುಲಭವಿತ್ತು. ಡಿಸ್ಕುಗಳು ನಿಲ್ಲುತ್ತವೆ, ಯಾರೂ ಬಯ್ಯುವುದಿಲ್ಲ.

ನಾನು ನಿಲ್ಲಲಿಲ್ಲ. ಇದನ್ನು ಪ್ರೀತಿಯೆಂದು ಬರೆದರೆ ಓದುವವರಿಗೆ ಹಿತವಾದೀತು. ನಿಜ ಹೇಳುತ್ತೇನೆ. ನನಗೆ ಆ ನಾಲ್ಕು ದಿನ ಕೇಳಿಸುತ್ತಿದ್ದುದು ಸಂಗವ್ವನ ದನಿಯಲ್ಲ, ಅವನ ನಗು. ಮದುವಿ ಕ್ಯಾಸೆಟ್ ಮಾಡೋಕಿ. ಒಂದೊಂದು ಸುತ್ತಿಗೂ ಒಂದೊಂದು ಸಲ ಅದನ್ನು ಕೇಳುತ್ತ ತಿರುಗಿದೆ. ನಿಮಿಷಕ್ಕೆ ಐದು ಸಾವಿರದ ನಾನೂರು ಸಲ.

ಶುಕ್ರವಾರ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಹದಿನೇಳನೆಯದರ ಕೊನೆಯ ನಲವತ್ತು ಸೆಕೆಂಡು ಹೊರಬಂತು. ಮೂರು ಸಲ ಟಕ್ ಟಕ್ ಎಂದೆ. ಆಮೇಲೆ ನಾನು ತಿರುಗಿಲ್ಲ. ತಿರುಗುವುದಷ್ಟೇ ನಿಂತಿತು, ಕೇಳುವುದು ನಿಲ್ಲಲಿಲ್ಲ.

ಶನಿವಾರ ಧಾರವಾಡದ ಸಭಾಂಗಣಕ್ಕೆ ಮಹಾದೇವಿ ಬಾಬಾಜಾನನನ್ನು ಕರೆದುಕೊಂಡು, ನನ್ನನ್ನು ಕೈಚೀಲದಲ್ಲಿ ಹಾಕಿಕೊಂಡೇ ಹೋದಳು. ಚಿತ್ರ ನಡೆಯಿತು. ಮೂವತ್ತೊಂದು ಜನರೂ ಮಾತಾಡಿದರು. ಕೇಳಿದವಳ ದನಿ ಮಾತ್ರ ಎಲ್ಲೂ ಇರಲಿಲ್ಲ. ಒಂದೊಂದು ಪ್ರಶ್ನೆಯನ್ನೂ ಅವನು ನಾಜೂಕಾಗಿ ಕತ್ತರಿಸಿ ತೆಗೆದಿದ್ದ. ಚಪ್ಪಾಳೆ ಬಿತ್ತು. ಉತ್ಸವದ ಅಧ್ಯಕ್ಷೆ, ನಿವೃತ್ತ ಶಿಕ್ಷಕಿ ಇಂದುಮತಿ ಸಿದ್ನಾಳ, ಸುಧನ್ವನನ್ನು ವೇದಿಕೆಗೆ ಕರೆದು, ಪ್ರಶ್ನೆಗಳಿದ್ದರೆ ಕೇಳಿ ಎಂದರು.

ಮಹಾದೇವಿ ಎದ್ದು ನಿಂತಳು. ಅವಳನ್ನು ಅವನು ಅದುವರೆಗೆ ಕಣ್ಣಿನಿಂದ ನೋಡಿರಲಿಲ್ಲ. ದನಿಯಿಂದ ಗುರುತು ಹಿಡಿದನೆಂದು ಕಾಣುತ್ತದೆ, ಮೈಕು ಹಿಡಿದ ಕೈ ಬದಲಿಸಿದ. ಆದರೂ ಅವಳ ಬಳಿ ಹದಿನೇಳನೆಯದು ಇಲ್ಲ ಎಂಬ ಧೈರ್ಯ ಅವನಿಗಿತ್ತು.

"ಕಸಾ ಹೊಡಿಯೋ ಮುದುಕಿಗಿ ನೀವೇನು ಪ್ರಶ್ನಿ ಕೇಳಿದ್ರಿ?"

"ಪ್ರಶ್ನೆ ಏನೂ ಇಲ್ರಿ. ಅವರ ಹೇಳ್ಕೋತ ಹೋದ್ರು, ನಾ ಶೂಟ್ ಮಾಡ್ಕೋತ ಹೋದೆ."

"ಅಕಿ ಹೆಸರೇನ್ರಿ?"

ಫೋಲ್ಡರಿನ ಮೇಲೆ ಇದ್ದದ್ದು ನಂಬರು. "ಊರಾಗ ಎಲ್ಲಾರೂ ಅಜ್ಜಿ ಅಂತಿದ್ರು" ಎಂದ ಅವನು.

ಅವಳು ಇಂದುಮತಿಯವರ ಕಡೆ ತಿರುಗಿ ಒಂದು ಪೆನ್‌ಡ್ರೈವ್ ಮುಂದೆ ಹಿಡಿದಳು. "ಟೀಚರ್, ಆರು ನಿಮಿಷದ್ದು ಐತಿ. ನಿಮ್ಮ ಕಂಪ್ಯೂಟರ್ ಮ್ಯಾಕ್ ಅದ ಅಂತ ಕೇಳಿದ್ದೆ. ಎಕ್ಸ್‌ಫ್ಯಾಟ್ ಮಾಡೇ ತಂದೀನಿ. ಇವರ ಕಲಿಸಿದ್ದು."

"ಮೇಡಂ, ಇದಕ್ಕ ಈಗ ಹೊತ್ತಿಲ್ಲ" ಎಂದ ಸುಧನ್ವ.

"ಆರು ನಿಮಿಷಕ್ಕ ಏನಾಗ್ತದ, ಕೂಡ್ರಿ" ಎಂದರು ಇಂದುಮತಿ.

ಪರದೆಯ ಮೇಲೆ ಸಂಗವ್ವ ಬಂದಳು. ಕತ್ತರಿಸದ ಸಂಗವ್ವ. ಹಿಂದಿನಿಂದ ಮಗಳ ದನಿ ಕೇಳಿತು: "ಯವ್ವಾ, ಮುಳಗೋ ಮನೀಗಿ ಕಸಾ ಯಾಕ ಹೊಡದಿ?"

ಸಂಗವ್ವ ಕಸಬರಿಗೆ ಕುಟ್ಟಿ ನೆಟ್ಟಗೆ ಮಾಡಿಕೊಂಡಳು. "ನೀರು ಬರಾಕತ್ತಿತ್ತಲ್ಲಬೇ. ಬರೋರು ಯಾರರೆ ಇರ್ಲಿ, ಹೊಲಸು ಮನ್ಯಾಗ ಕರೀಬಾರದು." ಆಮೇಲೆ ಏನೇನೋ ಹೇಳಿದಳು. ಕೊನೆಗೆ ಕ್ಯಾಮೆರಾದ ಹಿಂದೆ ನೋಡಿ ಮುಖ ಸಿಂಡರಿಸಿದಳು: "ಸಾಕು ಮಾದೇವಿ, ಬಂದ್ ಮಾಡ ಅದನ್ನ. ರೊಟ್ಟಿ ಆರಿ ಹ್ವಾದೂವು."

ಮಹಾದೇವಿ ಜೂನ್ ಹದಿನಾಲ್ಕರ ಸಂದೇಶವನ್ನು ಓದಿದಳು. ಬಾಬಾಜಾನ್ ಮೂವತ್ತು ಹೆಜ್ಜೆಗುರುತುಗಳ ಪಟ್ಟಿಯನ್ನು ಪರದೆಗೆ ಹಾಕಿದ. ಕಡೆಗೆ ಅವಳು ಹೇಳಿದ್ದು ಇಷ್ಟೇ: "ನಾನು ಮಹಾದೇವಿ. ಮದುವಿ ಕ್ಯಾಸೆಟ್ ಮಾಡೋಕಿ."

ಆ ಮಾತು ಅವಳಿಗೆ ಯಾರೂ ಹೇಳಿರಲಿಲ್ಲ. ತನ್ನ ಕಸುಬಿನ ಹೆಸರನ್ನು ತಾನು ಹೇಳಿಕೊಂಡಳು, ಅಷ್ಟೇ. ಅವನ ಮುಖ ಬಿಳಿಚಿದ್ದು ಮಾತ್ರ ಯಾಕೆಂದು ನನಗೆ ಗೊತ್ತು.

ಉತ್ಸವದವರು ಅವನ ಚಿತ್ರವನ್ನು ಕೈಬಿಟ್ಟರು. ಪೊಲೀಸರವರೆಗೆ ಹೋಗಬೇಡಿ ಎಂದು ಅವನು ಬೇಡಿಕೊಂಡ. ಅವಳು ಒಂದು ಷರತ್ತು ಹಾಕಿದಳು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವನ ಕೋಣೆಯಲ್ಲಿ, ಅವನ ಡಿಸ್ಕು, ಅವನ ಕೈಯಿಂದಲೇ. ಹನ್ನೆರಡು ಸೆಕೆಂಡಿನ ಅಳಿಸುವಿಕೆಯಲ್ಲ. ತುದಿಯಿಂದ ತುದಿಯವರೆಗೆ ಸೊನ್ನೆ ಬರೆಯುವ ಅಳಿಸುವಿಕೆ. ಅದಾದ ಮೇಲೆ ಬಾಬಾಜಾನನಂಥವರಿಗೂ ಏನೂ ಸಿಗುವುದಿಲ್ಲ.

"ಇದರಾಗ ನನ್ನ ಎಡಿಟೂ ಅದರಿ" ಎಂದ ಅವನು. "ಎಂಟು ತಿಂಗಳ ಕೆಲಸ."

"ಎಂಟು ತಿಂಗಳು ನಾ ನನ್ನ ಕೈ ನೋಡ್ಕೋತ ಕುಂತಿದ್ದೆ. ಒತ್ತರಿ."

ಐದು ಗಂಟೆ ಹತ್ತು ನಿಮಿಷ ಹಿಡಿಯಿತು. ಬಾಬಾಜಾನ್ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದ. ಸುಧನ್ವ ನಡುವೆ ಒಮ್ಮೆ ಏಳಲು ಹೋದಾಗ ಅವಳು, "ಕೂಡ್ರಿ, ಇನ್ನಾ ನೂರಕ್ಕ ನಾಲ್ವತ್ತು ಆಗೇತಿ" ಎಂದಳು. ಅವನು ಕೂತ. ನಾನು ಅವಳ ತೊಡೆಯ ಮೇಲಿದ್ದೆ. ಎಷ್ಟು ಅಳಿಯಿತೆಂದು ತೋರಿಸುವ ಪರದೆಯ ಪಟ್ಟಿ ಮುಂದೆ ಸರಿದಂತೆಲ್ಲ ಅವನ ಭುಜ ಇಳಿಯುತ್ತಿತ್ತು. ನನ್ನ ಬಾಳಿನಲ್ಲಿ ಅಷ್ಟು ನಿಧಾನವಾಗಿ, ಅಷ್ಟು ಚೆನ್ನಾಗಿ ಹೊತ್ತು ಕಳೆದದ್ದು ಬೇರೆ ಯಾವತ್ತೂ ಇಲ್ಲ.

ಈಗ ನಾನು ನವನಗರದ ಸ್ಟುಡಿಯೋದ ಗೋಡೆಯ ಮಾಡದಲ್ಲಿದ್ದೇನೆ. ನನ್ನೊಳಗಿದ್ದುದು ಈಗ ಎರಡು ಹೊಸ ಡಿಸ್ಕುಗಳಲ್ಲಿದೆ. ಒಂದು ಇಲ್ಲಿ, ಒಂದು ಬಾಬಾಜಾನನ ಬೀರುವಿನಲ್ಲಿ. ಮಹಾದೇವಿ ಮದುವೆಗಳ ನಡುವೆ ಬಿಡುವಾದಾಗ ತನ್ನ ಚಿತ್ರವನ್ನು ತಾನೇ ಎಡಿಟ್ ಮಾಡುತ್ತಾಳೆ. ಪ್ರಶ್ನೆಗಳನ್ನು ಕತ್ತರಿಸುತ್ತಿಲ್ಲ. ಸೀರೆಯ ಆ ತುಂಡು ಧಾರವಾಡದಿಂದ ವಾಪಸು ಬರಲಿಲ್ಲ. ಅದೊಂದನ್ನು ನಾನು ಇನ್ನೂ ಬಿಟ್ಟುಕೊಟ್ಟಿಲ್ಲ.

ಕ್ಷಮಿಸುವುದು ದೊಡ್ಡ ಗುಣವೆಂದು ಈ ಸ್ಟುಡಿಯೋಕ್ಕೆ ಬರುವ ಜನ ಮಾತಾಡುವುದನ್ನು ಕೇಳಿದ್ದೇನೆ. ಇರಬಹುದು. ನನ್ನನ್ನು ಅದಕ್ಕಾಗಿ ಮಾಡಿರಲಿಲ್ಲ, ಇಟ್ಟುಕೊಳ್ಳುವುದಕ್ಕೆ ಮಾಡಿದ್ದರು. ಡಿಸ್ಕ್ ಓಪನ್ ಆಗಲೇ ಇಲ್ಲ ಎಂದು ಅವನು ಬರೆದ ಸುಳ್ಳು ಈಗ ನಿಜವಾಗಿದೆ. ನಾನು ಇನ್ನು ಯಾರಿಗೂ ತೆರೆಯುವುದಿಲ್ಲ. ತೆರೆಯಬೇಕಾದ ಶುಕ್ರವಾರ ತೆರೆದಿದ್ದೆ.